ಕಣ್ಣಿನ ನಂಬರು, ಗಂಟಲಿನ ಗ್ರಂಥಿ



ಅಕ್ಕಲಕೋಟೆಯಲ್ಲಿ ಮನೆ ಪ್ರಾರ್ಥನೆಯೊಂದನ್ನು ಮುಗಿಸಿ ಸೊಲ್ಲಾಪುರಕ್ಕೆ ಹೊರಟಿದ್ದೆವು. ಬಾಗಿಲಲ್ಲಿ ಒಬ್ಬ ತಾಯಿ ನಮ್ಮನ್ನು ನಿಲ್ಲಿಸಿದರು. ಹತ್ತೊಂಬತ್ತರ ಮಗಳಿಗೆ ಎರಡು ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಗಿದೆ. ಹೊಸದು ಹಾಕಿದರೂ ಅಕ್ಷರಗಳ ಸುತ್ತ ನೆರಳು, ರಾತ್ರಿ ಒಂದು ದೀಪ ಹಲವಾಗಿ ಕಾಣುತ್ತದೆ. ಅವಳಿಗೆ ಥೈರಾಯ್ಡ್ ತೊಂದರೆಯೂ ಇದೆ.

"ಫಾದರ್, ಥೈರಾಯ್ಡ್ ಗುಳಿಗಿಯಿಂದನ ಕಣ್ಣು ಕೆಟ್ಟಾವ ಅಂತಾರ್ರಿ ಮಂದಿ. ಗುಳಿಗಿ ಬಿಡಸ್ಲೇನ್ರಿ?"

ಹಿಂದೊಮ್ಮೆ ಇದೇ ಹುಡುಗಿಗೆ 'ಮೊಬೈಲ್ ಕಡಿಮೆ ನೋಡಮ್ಮ' ಎಂದು ಬುದ್ಧಿ ಹೇಳಿ ಸುಮ್ಮನಾದವರು ನಾವು. ಈ ಸಲ ಹಾಗೆ ಮಾಡಲು ಮನಸ್ಸಾಗಲಿಲ್ಲ. "ವೈದ್ಯರನ್ನು ಕೇಳದೆ ಗುಳಿಗೆ ಬಿಡಿಸಬೇಡಿ" ಎಂದು ಹೇಳಿ ಸೊಲ್ಲಾಪುರದ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಿದೆವು. ಅಲ್ಲಿ ತಿಳಿದ ಕಾಯಿಲೆಯ ಹೆಸರು ಕೆರಾಟೊಕೋನಸ್.

ಕಣ್ಣಿನ ಮುಂಭಾಗದ ಗಾಜಿನಂಥ ಪದರವೇ ಕಾರ್ನಿಯಾ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಈ ಕಾಯಿಲೆಯಲ್ಲಿ ಅದು ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಸಾಮಾನ್ಯವಾಗಿ ಹರೆಯದಲ್ಲಿ ಶುರುವಾಗುತ್ತದೆ. ನಮ್ಮ ಮಹಾರಾಷ್ಟ್ರದಲ್ಲೇ, ನಾಗಪುರದ ಹತ್ತಿರದ ಹಳ್ಳಿಗಳಲ್ಲಿ 30 ವರ್ಷ ದಾಟಿದವರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ನೂರಕ್ಕೆ ಇಬ್ಬರಿಗಿಂತ ಹೆಚ್ಚು ಜನರಲ್ಲಿ ಇದನ್ನು ಕಂಡಿತ್ತು.

ಥೈರಾಯ್ಡಿಗೂ ಇದಕ್ಕೂ ನಂಟಿದೆಯೇ? ಥೈರಾಯ್ಡಿನ ಹಾರ್ಮೋನು ಕಣ್ಣೀರಿನಲ್ಲೂ ಇರುತ್ತದೆ. 2016ರಲ್ಲಿ ಜರ್ಮನಿಯ ವೈದ್ಯರು, ಕೆರಾಟೊಕೋನಸ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚಾಗಿ ಕಾಣುತ್ತದೆಂದು ಬರೆದರು. ಬೇರೆ ಕೆಲವು ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. ಆದ್ದರಿಂದ ಇದು ಸಂಶಯ ಮಾತ್ರ, ಸಾಬೀತಾದ ಕಾರಣವಲ್ಲ. ಥೈರಾಯ್ಡ್ ಹೆಚ್ಚಾದಾಗ ಕೆಲವರ ಕಣ್ಣುಗುಡ್ಡೆ ಹೊರಗೆ ಚಾಚುವ ಕಾಯಿಲೆಯೇ ಬೇರೆ; ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಸಂಶಯದ ಮೇಲೆ ಮಾತ್ರೆ ನಿಲ್ಲಿಸಿದರೆ ಕಣ್ಣು ಸರಿಹೋಗುವುದಿಲ್ಲ. ಬದಲಿಗೆ ಆಯಾಸ, ತೂಕ ಏರುವುದು, ಮುಟ್ಟಿನ ಏರುಪೇರು ಮರಳಿ ಬರಬಹುದು. ಇಬ್ಬರು ವೈದ್ಯರಿಗೂ ಎರಡೂ ಕಾಯಿಲೆಗಳ ವಿಷಯ ತಿಳಿಸುವುದೇ ಜಾಣತನ.

ಕಣ್ಣು ಉಜ್ಜುವುದು ಈ ಕಾಯಿಲೆಯನ್ನು ಹೆಚ್ಚಿಸುತ್ತದೆ. ನಮ್ಮ ಸೊಲ್ಲಾಪುರದ ಬಿಸಿಲು, ಧೂಳು, ಮಗ್ಗದ ನೂಲಿನ ಪುಡಿಗೆ ಕಣ್ಣು ತುರಿಸುವುದು ಸಹಜ. ಉಜ್ಜುವ ಬದಲು ತಣ್ಣೀರಿನ ಬಟ್ಟೆ ಇಡಿ. ಅಲರ್ಜಿಗೆ ವೈದ್ಯರಿಂದ ಔಷಧ ಪಡೆಯಿರಿ. ಮಕ್ಕಳ ಕನ್ನಡಕದ ನಂಬರು ಪದೇ ಪದೇ ಬದಲಾದರೆ ಅಂಗಡಿಯಲ್ಲೇ ಮುಗಿಸದೆ ಕಾರ್ನಿಯಾದ ನಕ್ಷೆ ತೆಗೆಸಿ. ಬೇಗ ತಿಳಿದರೆ ಬಿ2 ಜೀವಸತ್ವದ ಹನಿ ಹಾಕಿ ಅತಿನೇರಳೆ ಬೆಳಕು ಬಿಡುವ ಚಿಕಿತ್ಸೆಯಿಂದ ಕಾಯಿಲೆ ಬೆಳೆಯುವುದನ್ನು ಹೆಚ್ಚಿನವರಲ್ಲಿ ತಡೆಯಬಹುದು. ಕಳೆದ ದೃಷ್ಟಿಯನ್ನು ಅದು ಪೂರ್ತಿ ಮರಳಿಸದು. ಅದಕ್ಕೆ ವಿಶೇಷ ಲೆನ್ಸ್ ಬೇಕಾಗಬಹುದು. ತೀರಾ ಮುಂದುವರಿದರೆ ಸತ್ತವರು ದಾನ ಮಾಡಿದ ಕಾರ್ನಿಯಾವೇ ಗತಿ.

ಬಸುರಿನಲ್ಲಿ ಈ ಕಾಯಿಲೆ ಕೆಲವರಿಗೆ ಹೆಚ್ಚುತ್ತದೆ. ಆಗ ಥೈರಾಯ್ಡ್ ಪರೀಕ್ಷೆಯೂ ತಪ್ಪಬಾರದು. ಮದುವೆಯ ಮಾತು ಬಂದಾಗ ಇವನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟ ರೋಗಕ್ಕೆ ಮದ್ದು ಯಾರು ಕೊಟ್ಟಾರು?

ಮೊನ್ನೆ ಆ ಹುಡುಗಿ ಸಿಕ್ಕಿದ್ದಳು. ಒಂದು ಕಣ್ಣಿಗೆ ಚಿಕಿತ್ಸೆಯಾಗಿದೆ, ಗುಳಿಗೆಯೂ ನಡೆದಿದೆ. "ಫಾದರ್, ಈಗ ಮೊಬೈಲ್ ನೋಡ್ಲೇನ್ರಿ?" ಎಂದು ನಕ್ಕಳು. ನಮಗೆ ಉತ್ತರ ಹೊಳೆಯಲಿಲ್ಲ, ನಾವೂ ನಕ್ಕೆವು.