ಚೆಲುವಿನ ಸೂಜಿಗೆ ಹೊಣೆ ಯಾರು?

ನಿವೃತ್ತ ಅಧಿಕಾರಿಗೆ ಬಂಧುಬಳಗದಲ್ಲಿ ಉಳಿಯುವ ಕೆಲಸ ಒಂದೇ: ಅರ್ಜಿ, ಕರಾರು, ನಮೂನೆಗಳನ್ನು ಓದಿ ಅರ್ಥ ಹೇಳುವುದು. ಈಚೆಗೆ ನನ್ನ ತಂಗಿಯ ಮಗಳು ಅಂಥದೊಂದು ಕಾಗದ ಹಿಡಿದು ಬಂದಳು. 'ಮಾವ, ಇದಕ್ಕೆ ಸಹಿ ಮಾಡಿ ಕೊಡಬೇಕಂತೆ, ಒಮ್ಮೆ ನೋಡಿಬಿಡಿ' ಎಂದಳು. ಮದುವೆಗೆ ಆರು ವಾರವಿತ್ತು. ಮುಖಾಲಂಕಾರ, ಕೇಶವಿನ್ಯಾಸ, ಮೆಹಂದಿಯ ಜೊತೆಗೆ ತುಟಿ ಮತ್ತು ಮೂಗನ್ನು ತಿದ್ದುವ 'ಫಿಲ್ಲರ್' ಚುಚ್ಚುಮದ್ದನ್ನೂ ಸೇರಿಸಿದ ವಧುವಿನ ಪ್ಯಾಕೇಜು ಅದು. ಕಟ್ಟಿದ ಹಣ ಮರಳಿಸಲಾಗದು ಎಂಬ ಷರತ್ತು ಆ ಎರಡು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರದಲ್ಲಿ ಎರಡು ಬಾರಿ ಇತ್ತು. ಚುಚ್ಚುವವರ ಹೆಸರಾಗಲೀ ಚುಚ್ಚುವ ವಸ್ತುವಿನ ಹೆಸರಾಗಲೀ ಒಮ್ಮೆಯೂ ಇರಲಿಲ್ಲ. ಅಪಾಯಗಳ ಕುರಿತು ಇದ್ದದ್ದು ಒಂದೇ ಸಾಲು: ಎಲ್ಲ ಅಪಾಯಗಳನ್ನೂ ನಾನು ತಿಳಿದುಕೊಂಡಿದ್ದೇನೆ, ಎಂದು.

ಆ ಅಪಾಯಗಳಾದರೂ ಯಾವುವು? ಸುಕ್ಕು, ಕುಳಿಗಳನ್ನು ತುಂಬಲು ಚರ್ಮದ ಅಡಿಗೆ ಸೇರಿಸುವ ಜೆಲ್‌ಗೆ ಫಿಲ್ಲರ್ ಎಂದು ಹೆಸರು. ಇಂದು ಹೆಚ್ಚು ಬಳಕೆಯಲ್ಲಿರುವುದು ನಮ್ಮ ದೇಹದಲ್ಲಿಯೂ ಇರುವ ಹಯಲುರಾನಿಕ್ ಆಮ್ಲದಿಂದ ತಯಾರಾದದ್ದು. ಅದರ ಪರಿಣಾಮ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ಚುಚ್ಚಿದ ಕಡೆ ಊತ, ಕೆಂಪು, ನೋವು, ನೀಲಿಗಟ್ಟುವುದು ಸಾಮಾನ್ಯ. ಕೆಲವು ದಿನಗಳಲ್ಲಿ ಅವು ಇಳಿಯುತ್ತವೆ. ಸೋಂಕು, ಗಂಟುಗಳು, ತಿಂಗಳುಗಳ ನಂತರ ಮರುಕಳಿಸುವ ಊತ ಅದಕ್ಕಿಂತ ವಿರಳ. ಎಲ್ಲಕ್ಕಿಂತ ವಿರಳವೂ ಘೋರವೂ ಆದುದು ಜೆಲ್ ಆಕಸ್ಮಿಕವಾಗಿ ರಕ್ತನಾಳವನ್ನು ಹೊಗುವುದು. ಆಗ ರಕ್ತ ತಲುಪದ ಚರ್ಮ ಸತ್ತು ಕಪ್ಪಾಗಬಹುದು. ಮೂಗಿನ ಸುತ್ತಲಿನ, ಹುಬ್ಬುಗಳ ನಡುವಿನ ನಾಳಗಳಿಗೆ ಕಣ್ಣಿನ ನಾಳಗಳೊಡನೆ ಸಂಪರ್ಕವಿರುವುದರಿಂದ ಒತ್ತಡಕ್ಕೆ ಹಿಮ್ಮುಖವಾಗಿ ಹರಿದ ಜೆಲ್ ದೃಷ್ಟಿಯನ್ನೇ ಕಸಿಯಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2015ರ ಮೇ ತಿಂಗಳಲ್ಲಿ ಅಂಧತ್ವ ಮತ್ತು ಪಾರ್ಶ್ವವಾಯುವಿನ ಸಾಧ್ಯತೆಯನ್ನು ಸ್ಪಷ್ಟವಾಗಿ ಹೆಸರಿಸಿ ಎಚ್ಚರಿಕೆ ನೀಡಿತು.

ಇಂಥ ಗಳಿಗೆಯಲ್ಲಿ ಲೆಕ್ಕಕ್ಕೆ ಬರುವುದು ನಿಮಿಷಗಳು. ತೀವ್ರ ನೋವು, ಬಿಳಿಚಿಕೊಂಡ ಚರ್ಮ, ಮಂಜಾದ ನೋಟ ಇವುಗಳ ಅರ್ಥವನ್ನು ಕೂಡಲೇ ಗ್ರಹಿಸುವವರು ಎದುರಿಗಿರಬೇಕು. ಹಯಲುರಾನಿಕ್ ಆಮ್ಲವನ್ನು ಕರಗಿಸುವ ಹಯಲುರೊನಿಡೇಸ್ ಎಂಬ ಕಿಣ್ವ ಕೈಗೆಟುಕುವಂತಿರಬೇಕು. ಕ್ಯಾಲ್ಸಿಯಂ ಆಧಾರಿತ ಫಿಲ್ಲರ್ ಅಥವಾ ಸಿಲಿಕೋನ್ ಆಗಿದ್ದರೆ ಆ ಕಿಣ್ವವೂ ಕೆಲಸಕ್ಕೆ ಬಾರದು. ಆದ್ದರಿಂದಲೇ ಯಾರು ಚುಚ್ಚುತ್ತಾರೆ, ಏನನ್ನು ಚುಚ್ಚುತ್ತಾರೆ ಎಂಬ ಎರಡು ಪ್ರಶ್ನೆಗಳು ಉಳಿದೆಲ್ಲಕ್ಕಿಂತ ಮುಖ್ಯ. ಆ ಒಪ್ಪಿಗೆ ಪತ್ರದಲ್ಲಿ ಉತ್ತರವಿಲ್ಲದ್ದು ಇವೆರಡಕ್ಕೇ.

ನಾನು ಚೆಲುವಿನ ಹಂಬಲವನ್ನು ಹಳಿಯುತ್ತಿಲ್ಲ. ತನ್ನ ಮುಖ ಹೇಗಿರಬೇಕೆಂದು ಬಯಸುವುದು ಅವರವರ ಹಕ್ಕು. ಎಚ್‌ಐವಿ ಪೀಡಿತರ ಗುಳಿಬಿದ್ದ ಕೆನ್ನೆಗಳಿಗೆ, ಗಾಯದ ಕಲೆಗಳಿಗೆ ಇದೇ ಚಿಕಿತ್ಸೆ ನೆಮ್ಮದಿ ತಂದಿದೆ. ಪರಿಣತರ ಕೈಯಲ್ಲಿ ಗಂಭೀರ ಅನಾಹುತಗಳು ಅಪರೂಪವೆಂಬುದೂ ನಿಜ. ನನ್ನ ಆಕ್ಷೇಪವಿರುವುದು ಈ ಮಾರುಕಟ್ಟೆ ರೂಪುಗೊಂಡ ಬಗೆಗೆ.

ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಸರಕಿನ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಗುಣಮಟ್ಟ ಕಣ್ಣಿಗೆ ಕಾಣದಿದ್ದಾಗ ಗ್ರಾಹಕ ಬೆಲೆಯನ್ನಷ್ಟೇ ನೋಡುತ್ತಾನೆ. ಕಳಪೆ ಸರಕು ಒಳ್ಳೆಯದನ್ನು ಹೊರದಬ್ಬುತ್ತದೆ. ಸಿರಿಂಜಿನೊಳಗಿನ ಜೆಲ್ ಹಳೆಯ ಕಾರಿಗಿಂತಲೂ ಅಪಾರದರ್ಶಕ. ಚರ್ಮರೋಗ ತಜ್ಞರು ಅಸಲಿ ಉತ್ಪನ್ನಕ್ಕೆ, ತುರ್ತು ವ್ಯವಸ್ಥೆಗೆ, ತರಬೇತಿಗೆ ವೆಚ್ಚ ಮಾಡಬೇಕು. ಅದಾವುದನ್ನೂ ಮಾಡದವರು ಅಗ್ಗವಾಗಿ ಕೊಡಬಲ್ಲರು.

ಇಂಥ ಕಡೆ ಮಾರುಕಟ್ಟೆ ತಾನಾಗಿ ಸರಿಹೋಗದು, ಪ್ರಭುತ್ವ ಮಧ್ಯೆ ಬರಬೇಕು. ನಮ್ಮ ವ್ಯವಸ್ಥೆಯ ವಿಪರ್ಯಾಸ ಗಮನಿಸಿ. ಆರೋಗ್ಯ ಸೇವೆಗಿರುವ ಜಿಎಸ್‌ಟಿ ವಿನಾಯಿತಿ, ಅಪಘಾತ ಅಥವಾ ಹುಟ್ಟಿನ ದೋಷಕ್ಕಲ್ಲದೆ ಕೇವಲ ಅಂದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಇಲ್ಲ. ರೂಪ ಬದಲಿಸುವ ಚಿಕಿತ್ಸೆಯ ವೆಚ್ಚವನ್ನು ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಭರಿಸದು. ಹೀಗೆ ತೆರಿಗೆಯ ಮತ್ತು ವಿಮೆಯ ಕಣ್ಣಿಗೆ ಚೆಲುವಿನ ಚಿಕಿತ್ಸೆ ಒಂದು ವಿಲಾಸ. ಆದರೆ ಸೂಜಿ ಚರ್ಮವನ್ನು ದಾಟಿದೊಡನೆ ಅದು ವೈದ್ಯಕೀಯ ಕ್ರಿಯೆ. ಅಂಗಡಿಗೆ ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಇದ್ದರೆ ಒಳಗೆ ಏನು ನಡೆಯುತ್ತಿದೆಯೆಂದು ಕೇಳುವುದು ಯಾರ ಕರ್ತವ್ಯ? ಎರಡು ಇಲಾಖೆಗಳ ನಡುವೆ ಬಿದ್ದ ಕಡತ ಎಷ್ಟು ಕಾಲ ಅಲ್ಲೇ ಉಳಿಯಬಲ್ಲದೆಂಬುದನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ.

ಕಾನೂನಿನ ಕೊರತೆ ಇದೆಯೆನ್ನಲಾಗದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವುದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಂತೆ ಅಪರಾಧ. ರೋಗಿಗೆ ಸಾಕಷ್ಟು ಮಾಹಿತಿ ನೀಡಿ ಪಡೆದದ್ದೇ ನಿಜವಾದ ಒಪ್ಪಿಗೆಯೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ಕಿರುತೆರೆಯ ಯುವನಟಿಯೊಬ್ಬರು ಮೃತಪಟ್ಟರು. ಫಿಲ್ಲರ್‌ಗೂ ಆ ಚಿಕಿತ್ಸೆಗೂ ಸಂಬಂಧವಿಲ್ಲದಿದ್ದರೂ ಆಗ ಎದ್ದದ್ದು ಇದೇ ಅನುಮತಿ, ಸೌಲಭ್ಯಗಳ ಪ್ರಶ್ನೆ. ಸಾವು ಸಂಭವಿಸಿದ ಮೇಲೆ ಕಡತ ತೆರೆಯುವ ನಮ್ಮ ರೂಢಿ ಬದಲಾಗಬೇಕು.

ಬ್ರಿಟನ್ನಿನಲ್ಲಿ 2013ರ ಕಿಯೋ ವರದಿಯು, ಫಿಲ್ಲರ್ ಹಾಕಿಸಿಕೊಳ್ಳುವವರಿಗೆ ಪೆನ್ನು ಕೊಳ್ಳುವವರಿಗಿಂತ ಹೆಚ್ಚಿನ ರಕ್ಷಣೆಯಿಲ್ಲ ಎಂಬರ್ಥದ ಮಾತು ಹೇಳಿತ್ತು. ಇಂಗ್ಲೆಂಡಿನಲ್ಲಿ 18 ವರ್ಷದೊಳಗಿನವರಿಗೆ ಅಂದಕ್ಕಾಗಿ ಫಿಲ್ಲರ್ ಚುಚ್ಚುವುದನ್ನು ನಿಷೇಧಿಸಲು 2021ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಎಂಟು ವರ್ಷಗಳ ಆ ವಿಳಂಬವನ್ನು ನಾವು ಅನುಸರಿಸಬೇಕಾಗಿಲ್ಲ.

ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ಚುಚ್ಚುವ ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆ ಒಪ್ಪಿಗೆ ಪತ್ರದಲ್ಲಿ ಕಡ್ಡಾಯವಾಗಲಿ. ಅಪಾಯಗಳ ವಿವರ ಕನ್ನಡದಲ್ಲಿಯೂ ಇರಲಿ. ಉತ್ಪನ್ನದ ಹೆಸರು, ತಂಡದ ಸಂಖ್ಯೆಗಳಿರುವ ಚೀಟಿ ಗ್ರಾಹಕರ ಕೈಸೇರಲಿ. ಕಿಣ್ವವಿಲ್ಲದ ಕೇಂದ್ರದಲ್ಲಿ ಫಿಲ್ಲರ್‌ಗೆ ಅನುಮತಿ ಬೇಡ. ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸಲು 2015ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಪ್ರತಿ ಅನಾಹುತವೂ ವರದಿಯಾಗಲಿ. ಎಣಿಕೆಯೇ ಇಲ್ಲದ ಹಾನಿ ಸರ್ಕಾರದ ಲೆಕ್ಕದಲ್ಲಿ ನಡೆದೇ ಇಲ್ಲದ ಹಾನಿ.

ತಂಗಿಯ ಮಗಳು ಆ ಕೇಂದ್ರಕ್ಕೆ ದೂರವಾಣಿ ಮಾಡಿ ನನ್ನ ಎರಡು ಪ್ರಶ್ನೆಗಳನ್ನೂ ಕೇಳಿದಳು. 'ನಮ್ಮ ಸಿಬ್ಬಂದಿ ತರಬೇತಿ ಪಡೆದವರು, ಜೆಲ್ ಆಮದು ಮಾಡಿದ್ದು' ಎಂಬ ಉತ್ತರ ಬಂತು. ಹೆಸರು ಮಾತ್ರ ಬರಲಿಲ್ಲ. ಮುಂಗಡ ಹಣ ಹೋದರೆ ಹೋಗಲಿ ಎಂದು ಆಕೆ ತನ್ನ ಮೂಗನ್ನು ಇದ್ದಂತೆಯೇ ಉಳಿಸಿಕೊಂಡು ಹಸೆಮಣೆ ಏರಿದಳು. ಸಹಿಯಿಲ್ಲದ ಆ ಪತ್ರ ಇನ್ನೂ ನನ್ನ ಮೇಜಿನ ಮೇಲಿದೆ. ಅದನ್ನು ಓದಿ ಹೇಳುವವರಿಲ್ಲದ ಮನೆಗಳಲ್ಲಿ ಅಂಥ ಪತ್ರಗಳಿಗೆ ಸಹಿ ಬೀಳುತ್ತಲೇ ಇದೆ.