ಅಕ್ಷಯ ತದಿಗೆ: ಕೊಡುವ ದಿನವೋ, ಕೊಳ್ಳುವ ದಿನವೋ?



2025ರ ಏಪ್ರಿಲ್‌ನಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಸ್ವಸಹಾಯ ಸಂಘವೊಂದರ ವಾರದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸಿ, ಪುಸ್ತಕಕ್ಕೆ ಬರೆದಾದ ಮೇಲೆ ಸದಸ್ಯೆಯೊಬ್ಬರು ಎದ್ದು ಒಂದು ಲಕ್ಷ ರೂಪಾಯಿ ಸಾಲ ಕೇಳಿದರು.

"ಬರೋ ಬುಧವಾರ ಅಕ್ಷಯ ತದಿಗೆ ಮೇಡಂ. ಅವತ್ತು ತಂದ ಚಿನ್ನ ಅಕ್ಷಯವಾಗ್ತದಂತೆ. ಗಂಡಿನ ಕಡೆಯೋರು ನಲವತ್ತು ಗ್ರಾಂ ಅಂದವ್ರೆ. ಮುಂದಿನ ತಿಂಗ್ಳೇ ಲಗ್ನ."

ಮಗಳ ವಯಸ್ಸು ಕೇಳಿದೆ. ಹದಿನೆಂಟು ತುಂಬಲು ಇನ್ನೂ ನಾಲ್ಕು ತಿಂಗಳಿತ್ತು. ಹುಡುಗಿ ಆಗತಾನೆ ಪಿಯುಸಿ ಮುಗಿಸಿದ್ದಳು. ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ಎಲ್ಲರ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ, ಎಲ್ಲರಿಗೂ ಇದೇ ಚಿಂತೆ. ಅದೇ ತಿಂಗಳಲ್ಲಿ 10 ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ಮುಟ್ಟಿತ್ತು. ಸಂಘದ ಸಾಲ ಪೂರ್ತಿ ಸಿಕ್ಕಿದರೂ ನಲವತ್ತು ಗ್ರಾಂನಲ್ಲಿ ಮುಕ್ಕಾಲು ಪಾಲಿಗೆ ಆ ತಾಯಿ ಬೇರೆ ಕಡೆ ಕೈಚಾಚಬೇಕಿತ್ತು.

ಈ ಅಕ್ಷಯ ತದಿಗೆ ಎಂದರೇನು? ವೈಶಾಖ ಶುದ್ಧ ತದಿಗೆ. ಅಕ್ಷಯ ಎಂದರೆ ಸವೆಯದ್ದು, ಮುಗಿಯದ್ದು. ಈ ದಿನಕ್ಕೆ ಹೊಂದಿಕೊಂಡ ಕಥೆಗಳನ್ನು ಗಮನಿಸಿ. ಕುಚೇಲ ಹಿಡಿ ಅವಲಕ್ಕಿ ಕೊಟ್ಟದ್ದು ಇದೇ ದಿನವೆನ್ನುತ್ತಾರೆ. ವರ್ಷದ ಉಪವಾಸದ ನಂತರ ಆದಿನಾಥನಿಗೆ ಶ್ರೇಯಾಂಸ ಕಬ್ಬಿನ ಹಾಲು ಕೊಟ್ಟದ್ದು ಇದೇ ದಿನವೆಂದು ಜೈನರು ನಂಬುತ್ತಾರೆ. ನೀರು ತುಂಬಿದ ಕೊಡ, ಮಜ್ಜಿಗೆ, ಬೀಸಣಿಗೆ ದಾನ ಮಾಡುವುದು ಹಳೆಯ ಪದ್ಧತಿ. ಎಲ್ಲವೂ ಕೊಟ್ಟ ಕಥೆಗಳೇ. ಒಂದರಲ್ಲೂ ಅಂಗಡಿಯ ಮುಂದೆ ಸಾಲು ನಿಂತು ಕೊಂಡ ಪ್ರಸಂಗವಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಊರಿನಲ್ಲಿ ಆ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಪೂಜೆ ಮಾಡುತ್ತಿದ್ದರು. ಚಿನ್ನದ ಮಾತೇ ಇರಲಿಲ್ಲ. ಒಡವೆ ಅಂಗಡಿಗಳ ಜಾಹೀರಾತು ಹಳ್ಳಿಗಳ ಗೋಡೆಯ ತನಕ ಬಂದದ್ದು ನಾವೆಲ್ಲ ನೋಡನೋಡುತ್ತಿದ್ದ ಹಾಗೆಯೇ.

ನಮ್ಮ ನಾಡಿನಲ್ಲಿ ಈ ದಿನಕ್ಕೆ ಇನ್ನೊಂದು ಹೆಸರಿದೆ: ಬಸವ ಜಯಂತಿ. ಇದನ್ನು ಸಾರ್ವಜನಿಕವಾಗಿ ಆಚರಿಸುವ ಪರಿಪಾಠವನ್ನು 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ್ ಮಂಜಪ್ಪನವರು ಆರಂಭಿಸಿದರು. 2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಮೆರವಣಿಗೆ, ಭಾಷಣ ಎಲ್ಲವೂ ನಡೆಯುತ್ತವೆ. ಭಾಷಣ ಕೇಳಿ ಬರುವ ದಾರಿಯಲ್ಲೇ ವರದಕ್ಷಿಣೆಯ ಚಿನ್ನಕ್ಕೆ ಮುಂಗಡ ಕೊಟ್ಟು ಬರುತ್ತೇವೆ.

ಬಸವಣ್ಣನವರ ಕಾಲದ ಶರಣೆಯರಲ್ಲಿ ಆಯ್ದಕ್ಕಿ ಲಕ್ಕಮ್ಮ ಒಬ್ಬಳು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ, ಜೀವನ. ಒಂದು ದಿನ ಆತ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ಆಸೆ ನಮಗೇಕೆ ಎಂದು ಕೇಳಿ, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಮನೆಯೊಳಕ್ಕೆ ಬಂದ ದುರಾಸೆಯನ್ನು ಹೊಸಿಲಿನಲ್ಲೇ ತಡೆದು ಹಿಂದಕ್ಕೆ ಕಳಿಸಿದ ಹೆಂಗಸು ಅವಳು. ಈ ದಿನ ನಾವು ನೆನೆಯಬೇಕಾದದ್ದು ಅವಳನ್ನು.

ಹೀಗೆ ಹೇಳುವ ನನಗೂ ಆ ಧೈರ್ಯವಿರಲಿಲ್ಲ. ನನ್ನ ಮದುವೆ 1984ರಲ್ಲಿ. ಆಗಲೇ ಎಂ.ಎ. ಮುಗಿಸಿ ಕಾಲೇಜಿನಲ್ಲಿ ವಚನಗಳ ಪಾಠ ಮಾಡುತ್ತಿದ್ದೆ. ಅಪ್ಪ ತೆಂಗಿನ ತೋಟದ ಒಂದು ತುಂಡು ಮಾರಿ ಒಡವೆ ಮಾಡಿಸಿದರು. ನಾನು ಬೇಡವೆನ್ನಲಿಲ್ಲ. ವರ್ಷ ತುಂಬುವುದರೊಳಗೆ ಆ ಸರ ಮನೆಯ ಸಾಲಕ್ಕೆ ಗಿರವಿಗೆ ಹೋಯಿತು. ಯಾವಾಗ ಬಿಡಿಸುತ್ತೀರಿ ಎಂದು ಕೇಳಿದ ರಾತ್ರಿ ಕೆನ್ನೆಗೆ ಏಟು ಬಿತ್ತು. ಮಾರನೆಯ ದಿನ ಕಾಲೇಜಿನಲ್ಲಿ ಅದೇ ಕೆನ್ನೆಗೆ ಸೆರಗು ಮರೆ ಮಾಡಿಕೊಂಡು ಪಾಠ ಮಾಡಿದೆ. ಚಿನ್ನ ಕಷ್ಟಕಾಲಕ್ಕೆ ಆಗುತ್ತದೆ ಎನ್ನುತ್ತಾರೆ. ಯಾರ ಕಷ್ಟಕಾಲಕ್ಕೆ ಎಂಬುದನ್ನು ಕೇಳಿಕೊಳ್ಳಬೇಕು.

ಈ ದಿನದ ಹೆಸರು ಕಾನೂನಿನಲ್ಲೂ ಇದೆ, ಆದರೆ ಗೌರವದಿಂದ ಅಲ್ಲ. ನಮ್ಮ ಹಳೆಯ ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ನೂರು ವರ್ಷದ ಮೇಲೆಯೂ ಪಿಡುಗು ಹೋಗಲಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಮು ಅಕ್ಷಯ ತದಿಗೆಯನ್ನು ಹೆಸರಿಸಿಯೇ, ಇಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾಧಿಕಾರಿಗೆ ನಿಷೇಧಾಧಿಕಾರಿಯ ಅಧಿಕಾರ ಕೊಟ್ಟಿದೆ. ಶುಭದಿನವೊಂದಕ್ಕೆ ಕಾವಲು ಹಾಕಬೇಕಾಗಿ ಬಂದದ್ದು ನಾಚಿಕೆಯ ಸಂಗತಿಯಲ್ಲವೇ? ಕರ್ನಾಟಕವಂತೂ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿದೆ.

ವರದಕ್ಷಿಣೆಗೆ 1961ರ ಕಾಯ್ದೆಯಿದೆ. ಕೊಟ್ಟರೂ ತಪ್ಪು, ಪಡೆದರೂ ತಪ್ಪು, ಕನಿಷ್ಠ 5 ವರ್ಷ ಜೈಲು. ಯಾರೂ ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಯನ್ನೂ ಪಟ್ಟಿ ಮಾಡಿ, ಸಹಿ ಹಾಕಿ ಇಟ್ಟುಕೊಳ್ಳಬೇಕು. ಒಡವೆಯನ್ನು ಗಂಡನ ಮನೆಯವರು ಇಟ್ಟುಕೊಂಡರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಅದನ್ನು ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. 1984ರಲ್ಲಿ ಈ ಕಾಯ್ದೆ ಇರಲಿಲ್ಲ. ನಿಮಗೆ ಇದೆ.

ಮತ್ತೆ ಬಿದರೆಹಳ್ಳ ಕಾವಲ್‌ಗೆ ಬರುತ್ತೇನೆ. ಹಬ್ಬದ ಹಿಂದಿನ ದಿನ ಸಂಘ ಇನ್ನೊಮ್ಮೆ ಸೇರಿತು. ತುಂಬ ಹೊತ್ತು ಜಗಳವೇ ಆಯಿತು. "ನಾವು ಕೊಡ್ದಿದ್ರೆ ಬಡ್ಡಿಯೋರ ಹತ್ರ ಹೋಗ್ತಾಳೆ" ಎಂದರು ಒಬ್ಬರು. ಅದರಲ್ಲೂ ನಿಜವಿತ್ತು. ಕೊನೆಗೆ ಹೀಗೆ ಬರೆದರು: ಚಿನ್ನಕ್ಕೆ ಸಾಲವಿಲ್ಲ, ಹುಡುಗಿಯ ಓದಿಗೆ ಕೇಳಿದರೆ ಅದೇ ದಿನ ಕೊಡುವುದು. ಆ ಸಂಬಂಧ ತಪ್ಪಿತು. ಆ ತಾಯಿ ಎರಡು ವಾರ ಸಭೆಗೆ ಬರಲಿಲ್ಲ, ನನ್ನೊಂದಿಗೆ ಮಾತೂ ಬಿಟ್ಟರು. ಮೂರನೆಯ ವಾರ ಬಂದು, ಕಾಲೇಜಿನ ಫೀಸಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ. ನೆರೆಹೊರೆಯವರ ಕೊಂಕು ಇನ್ನೂ ನಿಂತಿಲ್ಲ. ಅದನ್ನು ಆ ತಾಯಿಯೊಬ್ಬಳೇ ಹೊರದಂತೆ ನೋಡಿಕೊಳ್ಳುವುದೂ ಸಂಘದ ಕೆಲಸವೇ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ, ಅಕ್ಷಯ ತದಿಗೆಗೆ ಮೊದಲು ನಿಮ್ಮ ಸಂಘದಲ್ಲಿ ಒಂದು ಸಭೆ ಮಾಡಿ. ವರದಕ್ಷಿಣೆಯ ಚಿನ್ನಕ್ಕೆ ಸಾಲ ಕೊಡುವುದಿಲ್ಲವೆಂದು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಊರಿನಲ್ಲಿ ಯಾವ ಹುಡುಗಿಗೆ ಹದಿನೆಂಟು ತುಂಬುವ ಮೊದಲೇ ಲಗ್ನ ಗೊತ್ತಾಗಿದೆ ಎಂದು ವಿಚಾರಿಸಿ. ಮೊದಲು ಆ ಮನೆಗೆ ನಾಲ್ಕು ಜನ ಹೋಗಿ ಮಾತನಾಡಿ, ಕೇಳದಿದ್ದರೆ 1098ಕ್ಕೆ ಫೋನು ಮಾಡಿ. ಹೊಡೆತ ಬಡಿತಕ್ಕೆ ಸಿಕ್ಕ ಹೆಂಗಸರಿಗೆ 181 ಇದೆ ಎಂದು ಎಲ್ಲರಿಗೂ ತಿಳಿಸಿ.

ಹಬ್ಬದ ದಿನ ಎತ್ತಿಗೆ ಪೂಜೆ ಮಾಡಿ, ಬಂದವರಿಗೆ ಪಾನಕ, ಮಜ್ಜಿಗೆ ಕೊಡಿ. ಕೊಡುವುದಾದರೆ ಮಗಳಿಗೆ ಕೊಡಿ, ಅವಳ ಹೆಸರಿನಲ್ಲೇ ಬ್ಯಾಂಕಿನಲ್ಲಿಡಿ. ಗಂಡಿನ ಕಡೆಯವರು ಗ್ರಾಂ ಲೆಕ್ಕ ಹೇಳಿದರೆ, ಲಕ್ಕಮ್ಮನ ಹಾಗೆ ಅವರನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿ.