ಕತೆ ಬರೆಯಲು ಕೈಪಿಡಿಯೇ?

ಕೋಲಾರದ ನಮ್ಮ ಕಾಲೇಜಿಗೆ ಪ್ರತಿವರ್ಷವೂ ಕತೆಗಾರರಾಗಬೇಕೆಂಬ ಹಂಬಲದ ತರುಣರು ನಾಲ್ಕಾರು ಮಂದಿ ಬರುತ್ತಾರೆ. ಸಂತೋಷದ ವಿಷಯವೇ. ಆದರೆ ಅವರು "ಯಾರ ಕತೆಗಳನ್ನು ಓದಲಿ, ಸಾರ್?" ಎಂದು ಕೇಳುವುದಿಲ್ಲ; "ಕತೆ ಬರೆಯುವುದನ್ನು ಕಲಿಸುವ ಒಳ್ಳೆಯ ಪುಸ್ತಕ ಯಾವುದು?" ಎಂದು ಕೇಳುತ್ತಾರೆ.

ಈಚೆಗೆ ಶ್ರೀನಿವಾಸಪುರದ ಕಡೆಯ ವಿದ್ಯಾರ್ಥಿಯೊಬ್ಬ ತನ್ನ ಕತೆಯನ್ನು ತಂದು ತೋರಿಸಿದ. ಮಾವಿನ ಮಂಡಿಯಲ್ಲಿ ಕಾಯಿ ಆರಿಸುವ ತಾಯಿ, ಓದುವ ಮಗ. ವಸ್ತು ಅಪ್ಪಟ ಚಿನ್ನ. ಆದರೆ ಆ ತಾಯಿ, "ಮಗನೇ, ನೀನು ಭೋಜನವನ್ನು ಮಾಡಿದೆಯಾ?" ಎನ್ನುತ್ತಾಳೆ!

"ನಿಮ್ಮ ತಾಯಿ ಹೀಗೆ ಮಾತನಾಡುತ್ತಾರೇನಪ್ಪ?" ಎಂದೆ. ಹುಡುಗ ನಾಚಿದ. "ಇಲ್ಲ ಸಾರ್. 'ಏಮ್ರಾ, ಸಂಗಟಿ ತಿಂಟಿವಾ?' ಅಂತಾರೆ. ಆದರೆ ಗ್ರಾಮ್ಯವನ್ನೂ ಪರಭಾಷೆಯನ್ನೂ ಬೆರೆಸಬಾರದು ಅಂತ ಪುಸ್ತಕದಲ್ಲಿದೆ."

ಮುದ್ದೆ ತಿಂದೆಯಾ ಎಂದು ಕೇಳುವ ತಾಯಿಯನ್ನು ಮನೆಯಿಂದಾಚೆಗೆ ತಳ್ಳಿ, ನಾಟಕ ಕಂಪನಿಯ ರಾಣಿಯನ್ನು ತಂದು ಕೂರಿಸಿತ್ತು ಆ ಕೈಪಿಡಿ. ನನ್ನ ಜಗಳವಿರುವುದು ಇಲ್ಲಿ.

ಕೈಪಿಡಿಗಳ ಇನ್ನೊಂದು ಆಜ್ಞೆಯನ್ನು ನೋಡಿ: ಕತೆ ಘಟನೆಯ ನಡುವಿನಿಂದ ಥಟ್ಟನೆ ಆರಂಭವಾಗಬೇಕು, ಕತೆಗಾರ ಮಧ್ಯೆ ತಲೆಹಾಕಬಾರದು. ಹಾಗಾದರೆ ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ 'ರಂಗನ ಮದುವೆ'ಯ ಗತಿಯೇನು? ಅಲ್ಲಿ ಕತೆ ಹೇಳುವವನು ರಂಗನನ್ನೇ ಮರೆತವನಂತೆ, ಭೂಪಟದಲ್ಲಿ ಕಾಣದ ಹೊಸಹಳ್ಳಿಯನ್ನೂ ಅದರ ಹುಳಿಮಾವನ್ನೂ ಕೊಂಡಾಡುತ್ತ ಓದುಗರೊಡನೆ ಹರಟೆಗೆ ಕೂರುತ್ತಾನೆ. ನಿಯಮದ ಪಂಡಿತರು ಅದನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿಯಾರು. ಆಗ ಮದುವೆ ಉಳಿದೀತು, ಊರು ಉಳಿಯದು. ಮಾಸ್ತಿಯವರು ಪಶ್ಚಿಮದ ರೀತಿ ತಿಳಿಯದೆ ಹೀಗೆ ಬರೆದರೆನ್ನುವಂತಿಲ್ಲ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರು, ಮನೆಮಾತು ತಮಿಳು. ಆದರೂ ಜಗಲಿಯ ಮೇಲೆ ಕೂತು ಕತೆ ಹೇಳುವವರ ಧಾಟಿಯನ್ನೇ ಹಿಡಿದರು.

ಇಂಗ್ಲಿಷಿನ ಫಾರ್ಸ್ಟರ್ ಮಹಾಶಯರು 1927ರಲ್ಲಿ ಕಾದಂಬರಿಯ ಲಕ್ಷಣಗಳನ್ನು ಕುರಿತು ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದರು. ಒಳ್ಳೆಯ ಗ್ರಂಥವೇ. ಆದರೆ ಆ ಬಳಿಕ, 1970ರಲ್ಲಿ ತೀರಿಕೊಳ್ಳುವವರೆಗೆ, ಅವರು ಒಂದು ಕಾದಂಬರಿಯನ್ನೂ ಪ್ರಕಟಿಸಲಿಲ್ಲ. ಲಕ್ಷಣ ಬಲ್ಲವರಿಗೇ ಈ ಗತಿಯಾದರೆ, ಅದನ್ನು ಬಾಯಿಪಾಠ ಮಾಡಿದವರ ಪಾಡೇನು?

"ಹಾಗಾದರೆ ಶಾಸ್ತ್ರವೇ ಬೇಡವೇ ಮೇಷ್ಟರೇ?" ಎಂದು ಕೆಲವರು ಕೇಳಿಯಾರು. ಬೇಡವೆನ್ನಲು ನಾನಾರು? ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥವೇ ಒಂದು ಕೈಪಿಡಿ: ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'. ಅದು ದೋಷವನ್ನು ತೋರಿಸಿ, ತಿದ್ದಿದ ರೂಪವನ್ನೂ ಪಕ್ಕದಲ್ಲಿಡುತ್ತದೆ. ಆದರೆ ಶಾಸ್ತ್ರ ಓದದ ಜನಕ್ಕೂ ಕಾವ್ಯದ ಹದ ತಿಳಿದಿದೆಯೆಂದು ಹೊಗಳುವ ಔದಾರ್ಯ ಅದಕ್ಕುಂಟು. ನಮ್ಮ ಹೊಸ ಕೈಪಿಡಿಗಳಲ್ಲಿ ಇಲ್ಲದ್ದು ಆ ಔದಾರ್ಯವೇ.

ಪಟ್ಟಿ ಬೇಕೆನ್ನುವವರಿಗೆ ನನ್ನ ಪಟ್ಟಿ ಇಷ್ಟು. ಮೊದಲನೆಯದು, ಮಾಸ್ತಿಯವರ ಸಣ್ಣಕತೆಗಳು. ಎರಡನೆಯದು, ಮುಳಬಾಗಿಲಿನ ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'. ಮೆಟ್ರಿಕ್ ದಾಟದ ಆ ಮಹನೀಯರಿಂದ ಮನುಷ್ಯರನ್ನು ನೋಡುವುದನ್ನು ಎಂ.ಎ. ಆದ ನಾವು ಕಲಿಯಬೇಕು. ಮೂರನೆಯದಕ್ಕೆ ರಟ್ಟಿಲ್ಲ, ಬೆಲೆಯಿಲ್ಲ: ಬೆಳಗಿನ ಹೊತ್ತು ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಒಂದು ಗಂಟೆ ಬಾಯಿ ಮುಚ್ಚಿಕೊಂಡು ನಿಲ್ಲುವುದು.

ಆ ಹುಡುಗ ಕತೆಯನ್ನು ತಿರುಗಿ ಬರೆದು ತಂದ. ಕೊನೆ ಇನ್ನೂ ಸಡಿಲ. ನಡುವೆ ಒಂದು ಪುಟ ಹೆಚ್ಚು. ಇರಲಿ, ತಿದ್ದಬಹುದು. ತಾಯಿ ಮನೆಗೆ ಬಂದಿದ್ದಾಳೆ. ಸಂಗಟಿ ತಿಂದೆಯಾ ಎಂದು ಕೇಳುತ್ತಿದ್ದಾಳೆ.